ಕಚ್ಚುವ ಮೊದಲು ಬೆಕ್ಕು ಹೇಳಿದ್ದೇನು?

(ದತ್ತಿ ಉಪನ್ಯಾಸದ ಪೂರ್ಣಪಾಠ)



ಆಹ್ವಾನಪತ್ರಿಕೆ ನೋಡಿ ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸಿರಬೇಕು. ಪಶುವೈದ್ಯನಾದವನು ಹಸು, ಎಮ್ಮೆ, ಕುರಿಗಳ ಬಗ್ಗೆ ಮಾತಾಡಿದರೆ ಅದಕ್ಕೊಂದು ತೂಕ. ಬೆಕ್ಕು ಕಚ್ಚುವುದರ ಬಗ್ಗೆ ಒಂದು ಗಂಟೆಯ ಉಪನ್ಯಾಸವೇ ಎಂದು ಕೇಳುವುದು ಸಹಜ. ಆದರೆ ಮನೆಮಂದಿಗೆ ನೇರವಾಗಿ ಉಪಯೋಗಕ್ಕೆ ಬರುವ ವಿಜ್ಞಾನದ ಮಾತು ಇಲ್ಲಿ ಆಗಬೇಕೆಂಬುದು ಈ ದತ್ತಿಯ ದಾನಿಗಳ ಆಶಯ. ಈಚಿನ ವರ್ಷಗಳಲ್ಲಿ ನನ್ನ ಚಿಕಿತ್ಸಾಲಯದ ಮೇಜಿನ ಮುಂದೆ ಕುಳಿತವರು ತೀರಾ ಸಂಕೋಚದಿಂದ, ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದ್ದರೆ ಅದು ಇದೇ: "ನಮ್ಮ ಬೆಕ್ಕು ಕಚ್ಚುತ್ತೆ ಡಾಕ್ಟ್ರೇ, ಏನು ಮಾಡೋದು?" ನಾಯಿ ಕಚ್ಚಿದರೆ ಊರಿಗೆಲ್ಲ ಹೇಳಿಕೊಳ್ಳುವ ನಾವು ಬೆಕ್ಕು ಕಚ್ಚಿದ್ದನ್ನು ತೋಳಿನ ಅಂಗಿ ಎಳೆದು ಮುಚ್ಚಿಕೊಳ್ಳುತ್ತೇವೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕಚ್ಚುವ ಬೆಕ್ಕು ಎಂಬ ಜಾತಿಯಿಲ್ಲ, ಕಚ್ಚುವ ಸಂದರ್ಭಗಳಿವೆ. ಬೆಕ್ಕು ಕಚ್ಚುವುದು ಹೆಚ್ಚಿನ ಪಾಲು ತನ್ನ ಉಳಿದೆಲ್ಲ ಸೂಚನೆಗಳೂ ವ್ಯರ್ಥವಾದ ಮೇಲೆ. ಆದ್ದರಿಂದ ತಿದ್ದುವ ಕೆಲಸವನ್ನು ಬೆಕ್ಕಿನಿಂದಲ್ಲ, ಮನೆಯ ರೂಢಿಗಳಿಂದ ಶುರುಮಾಡಬೇಕು.

ಮೊದಲು ಗಾಯದ ಮಾತು

ಬೆಕ್ಕಿನ ಮನಸ್ಸನ್ನು ವಿಚಾರಿಸುವ ಮೊದಲು ಕಚ್ಚಿಸಿಕೊಂಡವರ ಕೈಯನ್ನು ನೋಡೋಣ. ಬೆಳೆದ ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಎಣಿಕೆ ಕಡಿಮೆಯಾದರೂ ಬೆಕ್ಕಿನ ನಾಲ್ಕು ಕೋರೆಹಲ್ಲುಗಳ ರೀತಿಯೇ ಬೇರೆ. ನಾಯಿ ಕಚ್ಚಿದರೆ ಚರ್ಮ ಮಾಂಸ ಹರಿಯುತ್ತದೆ, ನೋಡಿದವರು ಹೆದರಿ ಆಸ್ಪತ್ರೆಗೆ ಓಡುತ್ತಾರೆ. ಬೆಕ್ಕಿನ ಕೋರೆ ಸಪೂರ, ಚೂಪು. ಆಳಕ್ಕಿಳಿದು ಹೊರಬಂದರೂ ಮೇಲೆ ಕಾಣುವುದು ಎರಡು ಕೆಂಪು ಚುಕ್ಕೆ ಮಾತ್ರ. ಆ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಬೆಕ್ಕಿನ ಬಾಯಿಯ ರೋಗಾಣುಗಳು ಒಳಗೇ ಉಳಿಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಪಾಶ್ಚುರೆಲ್ಲಾ ಮಲ್ಟೋಸಿಡಾ. ಆರೋಗ್ಯವಾಗಿರುವ ಬಹುಪಾಲು ಬೆಕ್ಕುಗಳ ಬಾಯಲ್ಲೇ ಅದು ವಾಸವಾಗಿರುತ್ತದೆ. ಬೆಳಿಗ್ಗೆ ಕಚ್ಚಿದ್ದರೆ ರಾತ್ರಿಯೊಳಗೆ, ತಪ್ಪಿದರೆ ಮರುದಿನಕ್ಕೆ, ಆ ಜಾಗ ಕೆಂಪಾಗಿ ಊದಿ ಮುಟ್ಟಲಾಗದಷ್ಟು ನೋಯುತ್ತದೆ. ಕಡಿತ ಬೆರಳ ಸಂದಿಗೋ ಮಣಿಕಟ್ಟಿಗೋ ಆಗಿದ್ದರೆ ಕೀಲು, ಸ್ನಾಯುರಜ್ಜುಗಳಿಗೆ ಸೋಂಕು ಇಳಿಯುವ ಅಪಾಯವಿದೆ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು "ಚಿಕ್ಕ ಗಾಯ" ಎಂದು ಸುಮ್ಮನಿರಬಾರದು. ಅದೇ ದಿನ ವೈದ್ಯರಿಗೆ ತೋರಿಸಬೇಕು, ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡದ್ದು ಎಂಬುದನ್ನೂ ಹೇಳಬೇಕು.

ಇನ್ನು ರೇಬೀಸ್. ನಮ್ಮ ದೇಶದಲ್ಲಿ ಅದು ಮನುಷ್ಯರಿಗೆ ಬಹುಮಟ್ಟಿಗೆ ನಾಯಿಯಿಂದಲೇ ಬರುತ್ತದೆ, ನಿಜ. ಆದರೆ ಹುಚ್ಚುನಾಯಿ ಕಚ್ಚಿದ ಬೆಕ್ಕಿಗೂ ಅದು ಬರುತ್ತದೆ, ಬೆಕ್ಕಿನಿಂದ ನಮಗೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಮಂದಿ. ಹಾಗಾಗಿ ಕಚ್ಚಿದ ತಕ್ಷಣ ನಲ್ಲಿಯಡಿ ಕೈಹಿಡಿದು, ಸೋಪು ಹಚ್ಚಿ, 15 ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಂದರೆ ಗಡಿಯಾರ ನೋಡಿಕೊಂಡು. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದ ಪುಡಿ ಯಾವುದನ್ನೂ ಮೆತ್ತಬಾರದು. ಗಾಯ ತೊಳೆದು ಆಸ್ಪತ್ರೆಗೆ ಹೋಗಬೇಕೇ ಹೊರತು ಮಂತ್ರ ಹಾಕಿಸಲು, ನಾಟಿ ಔಷಧಿ ಕುಡಿಯಲು ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಹಲ್ಲು ಚರ್ಮ ದಾಟಿ ರಕ್ತ ಬಂದ ಗಾಯ ಮೂರನೇ ದರ್ಜೆಯದು. ಅದಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳನ್ನೂ ಚುಚ್ಚಬೇಕಾಗುತ್ತದೆ. "ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಎಂಬ ಹಳೆಯ ಹೆದರಿಕೆ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆಯ ಕಾಲದ ಮಾತು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೇ ನಿಂತಿದೆ. ಈಗ ತೋಳಿಗೆ ಕೊಡುತ್ತಾರೆ. ಚರ್ಮದ ಪದರದೊಳಗೆ ಕೊಡುವ ಕ್ರಮವಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಕಚ್ಚಿದ ಬೆಕ್ಕನ್ನು 10 ದಿನ ಕಣ್ಣಳತೆಯಲ್ಲಿಟ್ಟು ನೋಡಬೇಕು. ಅದು ಆರೋಗ್ಯವಾಗಿದ್ದರೆ ಮುಂದೇನು ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಶುರುಮಾಡೋಣ ಎನ್ನುವಂತಿಲ್ಲ. ಲಸಿಕೆ ಮೊದಲು, ಕಾಯುವುದು ಅದರ ಜೊತೆಗೆ.

ಮನೆಗೆ ಬಂದದ್ದು ಎಂಥ ಪ್ರಾಣಿ?

ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರ ಪಕ್ಕದಲ್ಲೇ ಬೆಕ್ಕೊಂದನ್ನು ಹೂತಿದ್ದು ಪತ್ತೆಯಾಗಿ, 2004ರಲ್ಲಿ ಅದರ ವಿವರ ಪ್ರಕಟವಾಯಿತು. ಆ ದ್ವೀಪಕ್ಕೆ ಸಹಜವಾಗಿ ಸೇರಿದ ಬೆಕ್ಕುಗಳಿರಲಿಲ್ಲ, ಮನುಷ್ಯರೇ ದೋಣಿಯಲ್ಲಿ ಒಯ್ದಿರಬೇಕು. ಅಷ್ಟು ಹಳೆಯ ನಂಟು. ಆದರೂ ಎತ್ತು, ನಾಯಿಗಳನ್ನು ತಿದ್ದಿ ಬೆಳೆಸಿದಂತೆ ನಾವು ಬೆಕ್ಕನ್ನು ತಿದ್ದಲಿಲ್ಲ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಅದರ ಬೇಟೆಯೇ ನಮಗೆ ಬೇಕಾಗಿತ್ತು, ಆದ್ದರಿಂದ ಬೇಟೆಯ ಬುದ್ಧಿಗೆ ಯಾರೂ ಕೈಹಚ್ಚಲಿಲ್ಲ.

ನಮ್ಮ ಮಲೆನಾಡಿನ, ಬಯಲುಸೀಮೆಯ ಮನೆಗಳಲ್ಲೂ ಬೆಕ್ಕಿನ ಸ್ಥಾನ ಹೀಗೆಯೇ ಇತ್ತು. ಕಣಜ, ಅಟ್ಟ, ಕೊಟ್ಟಿಗೆ ಅದರ ಸೀಮೆ. ಹಾಲು ಕರೆಯುವ ಹೊತ್ತಿಗೆ ಬಂದು ಕೂರುತ್ತಿತ್ತು, ಉಳಿದ ಹೊತ್ತು ತನ್ನ ಪಾಡಿಗೆ ತಾನು. ಅದನ್ನು ಎತ್ತಿ ಮುದ್ದಾಡುವ ರೂಢಿ ಕಡಿಮೆ, ಹಾಗಾಗಿ ಕಚ್ಚಿಸಿಕೊಳ್ಳುವುದೂ ಕಡಿಮೆ. ಈಗ ಅದೇ ಪ್ರಾಣಿ ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಬಾಗಿಲು ಹಾಕಿದ ಬಾಲ್ಕನಿಯೊಳಗೆ, ದಿನವಿಡೀ ಒಂಟಿಯಾಗಿ ಇರುತ್ತದೆ. ಸಂಜೆ ಮನೆಯವರು ಬಂದೊಡನೆ ಎತ್ತಿ ಅಪ್ಪಿಕೊಳ್ಳುತ್ತಾರೆ. ಬೇಟೆಗೆ ಇಲಿಯಿಲ್ಲ, ಬೇಡವೆನಿಸಿದಾಗ ಏರಿ ಕೂರಲು ಅಟ್ಟವಿಲ್ಲ. ಉಳಿದದ್ದು ಓಡಾಡುವ ಕಾಲು, ಚಾಚಿದ ಕೈ.

ತೆನಾಲಿಯ ಬೆಕ್ಕು, ಥಾರ್ನ್‌ಡೈಕನ ಬೆಕ್ಕು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಿಲ್ಲದ ಕನ್ನಡ ಮಗುವಿಲ್ಲ. ಕೃಷ್ಣದೇವರಾಯ ಇಲಿಯ ಕಾಟಕ್ಕೆಂದು ಮನೆಮನೆಗೆ ಬೆಕ್ಕು ಕೊಟ್ಟು, ಅದಕ್ಕೆ ಹಾಲಿಗೆಂದು ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಟ ಕೀಳುತ್ತಿತ್ತು. ನಾವು ರಾಮಕೃಷ್ಣನ ಚಾಲಾಕಿಗೆ ನಗುತ್ತೇವೆ. ಒಮ್ಮೆ ಬೆಕ್ಕಿನ ಕಡೆಯಿಂದ ನೋಡಿ: ಒಂದೇ ಒಂದು ಕೆಟ್ಟ ಅನುಭವ, ಅದರ ಪಾಠ ಜೀವಮಾನಕ್ಕಾಯಿತು.

1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಇದರ ಇನ್ನೊಂದು ಮುಖವನ್ನು ತೋರಿಸಿದ. ಹಸಿದ ಬೆಕ್ಕನ್ನು ಮರದ ಪೆಟ್ಟಿಗೆಯೊಳಗೆ ಬಿಟ್ಟು, ಹೊರಗೆ ಆಹಾರವಿಡುತ್ತಿದ್ದ. ಬೆಕ್ಕು ಪರಚಿತು, ಕಚ್ಚಿತು, ಸಂದಿಯಲ್ಲಿ ನುಸುಳಲು ನೋಡಿತು. ಹೀಗೆ ಒದ್ದಾಡುವಾಗ ಅಕಸ್ಮಾತ್ ಕಾಲು ತಗುಲಿ ಅಗುಳಿ ಜಾರಿ ಬಾಗಿಲು ತೆರೆಯಿತು. ಮತ್ತೆ ಮತ್ತೆ ಒಳಗೆ ಬಿಟ್ಟಂತೆ ವ್ಯರ್ಥ ಪ್ರಯತ್ನಗಳು ಉದುರಿಹೋಗಿ, ಬೆಕ್ಕು ನೇರವಾಗಿ ಅಗುಳಿಗೇ ಕೈಹಾಕತೊಡಗಿತು. ಫಲ ಕೊಟ್ಟ ಕೆಲಸ ಉಳಿಯುತ್ತದೆ, ಕೊಡದ್ದು ಬಿಟ್ಟುಹೋಗುತ್ತದೆ.

ಈಗ ನಮ್ಮ ಸೋಫಾಕ್ಕೆ ಬನ್ನಿ. ಬೆಕ್ಕು ತೊಡೆಯ ಮೇಲಿದೆ, ನೀವು ಟಿವಿ ನೋಡುತ್ತಾ ಬೆನ್ನು ಸವರುತ್ತಿದ್ದೀರಿ. ಮೊದಲು ಗುರುಗುಟ್ಟುವುದು ನಿಲ್ಲುತ್ತದೆ. ಬಾಲದ ತುದಿ ಅತ್ತಿತ್ತ ಬಡಿಯುತ್ತದೆ. ಬೆನ್ನಿನ ಚರ್ಮ ಅಲೆಯಂತೆ ಅದುರುತ್ತದೆ. ಕಿವಿಗಳು ಪಕ್ಕಕ್ಕೆ ತಿರುಗಿ ಚಪ್ಪಟೆಯಾಗುತ್ತವೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ತಲೆ ತಿರುಗಿಸಿ ನಿಮ್ಮ ಕೈಯನ್ನೇ ನೋಡುತ್ತದೆ. ಇಷ್ಟೆಲ್ಲ ಆಗುವಾಗಲೂ ನಿಮ್ಮ ಕೈ ನಿಂತಿಲ್ಲ. ಕೊನೆಗೆ ಕಚ್ಚಿತು. ತಕ್ಷಣ ಕೈ ಹಿಂದಕ್ಕೆ ಬಂತು. ಪೆಟ್ಟಿಗೆಯ ಅಗುಳಿ ಜಾರಿದ್ದು ಆಗಲೇ. ನಾಲ್ಕಾರು ಸಲ ಹೀಗಾದರೆ ಬೆಕ್ಕು ಬಾಲ ಬಡಿಯುವ, ಕಿವಿ ತಿರುಗಿಸುವ ಶ್ರಮವನ್ನೇ ಬಿಟ್ಟು ನೇರವಾಗಿ ಹಲ್ಲಿಗೆ ಬರುತ್ತದೆ. ಆಗ ನಾವು ಹೇಳುತ್ತೇವೆ: "ಯಾವ ಸೂಚನೆಯೂ ಇಲ್ಲದೆ ಕಚ್ಚುತ್ತೆ."

ಅಜ್ಜಿ, ಕಿಟಕಿ ಮತ್ತು ಗಂಡುಬೆಕ್ಕು

ನಾನು ನೋಡಿದ ಒಂದು ಮನೆಯ ಸಂಗತಿ ಹೇಳುತ್ತೇನೆ. ಮೈಸೂರಿನ ಹಳೆಯ ಬಡಾವಣೆ. ನಾಲ್ಕು ವರ್ಷದ ಹೆಣ್ಣುಬೆಕ್ಕು, ಮನೆಯಲ್ಲೇ ಬೆಳೆದದ್ದು. ಅದು ಕಚ್ಚುತ್ತಿದ್ದುದು ಅಜ್ಜಿಯನ್ನು ಮಾತ್ರ, ಅದೂ ಸಂಜೆ ಮಾತ್ರ. ಊಟ ಹಾಕುವವರು, ಮಲಗಲು ಸೆರಗು ಹಾಸುವವರು ಅವರೇ. "ನಾನು ಇದಕ್ಕೆ ಏನು ಅನ್ಯಾಯ ಮಾಡಿದೀನಿ ಡಾಕ್ಟ್ರೇ? ಸೊಸೆ ಹತ್ರ ಹೋಗಲ್ಲ, ಮೊಮ್ಮಗನ ಹತ್ರ ಹೋಗಲ್ಲ, ನನ್ನನ್ನೇ ಹಿಡಿಯುತ್ತೆ" ಎಂದು ಮೊಣಕೈ ಕೆಳಗಿನ ಗಾಯದ ಕಲೆಗಳನ್ನು ತೋರಿಸಿದರು. ಮನೆಯವರಲ್ಲಿ ಆಗಲೇ ಮಾತು ಶುರುವಾಗಿತ್ತು, ಯಾರಿಗಾದರೂ ಕೊಟ್ಟುಬಿಡೋಣ ಎಂದು.

ಬೆಕ್ಕನ್ನು ಪರೀಕ್ಷಿಸಿದೆ, ಕಾಯಿಲೆಯೇನೂ ಕಾಣಲಿಲ್ಲ. ಸಂಜೆಯ ಹೊತ್ತಿಗೆ ಮನೆಗೇ ಹೋಗಿ ಕುಳಿತೆ. ಹಜಾರದ ಕಿಟಕಿ ತಗ್ಗಿನಲ್ಲಿತ್ತು, ಹೊರಗೆ ಕಾಂಪೌಂಡ್ ಗೋಡೆ. ದೀಪ ಹಚ್ಚುವ ಹೊತ್ತಿಗೆ ಗೋಡೆಯ ಮೇಲೆ ದಪ್ಪ ಮುಖದ ಬೀದಿಯ ಗಂಡುಬೆಕ್ಕೊಂದು ನಡೆದು ಬಂತು. ಕಿಟಕಿಯ ಎದುರು ನಿಂತು, ಬಾಲ ಎತ್ತಿ, ಗೋಡೆಗೆ ಮೂತ್ರ ಚಿಮ್ಮಿಸಿ ಮುಂದೆ ಹೋಯಿತು. ಒಳಗಿದ್ದ ನಮ್ಮ ಬೆಕ್ಕಿನ ಬಾಲ ಬಾಟಲಿ ತೊಳೆಯುವ ಬ್ರಷ್ಷಿನಷ್ಟು ದಪ್ಪಗಾಯಿತು. ಗಂಟಲಿನಿಂದ ಕೆಳದನಿಯ ಗುರ್ರ್. ದೇವರ ಮನೆಯಿಂದ ಬಂದ ಅಜ್ಜಿ "ಯಾಕೋ ಕಂದ, ಬಾ" ಎಂದು ಬಗ್ಗಿ ಎತ್ತಲು ಕೈಚಾಚಿದರು. ನಾನು ತಡೆಯದಿದ್ದರೆ ಮತ್ತೊಂದು ಗಾಯ ಖಂಡಿತ ಆಗುತ್ತಿತ್ತು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತೇವೆ. ಇಲ್ಲಿ ಕೊತ್ತಿಯ ಮೇಲಿನ ಕೋಪ ಅತ್ತೆಯ ಮೇಲೆ! ಕೆರಳಿದ ಬೆಕ್ಕು ಕೆರಳಿಸಿದವನನ್ನು ಮುಟ್ಟಲಾಗದೆ ಹತ್ತಿರ ಸಿಕ್ಕವರನ್ನು ಹಿಡಿಯುತ್ತದೆ. ಈ ಕೆರಳಿಕೆ ಗಂಟೆಗಟ್ಟಲೆ ಇಳಿಯದೆ ಇರಬಹುದು. ಕಚ್ಚಿದ್ದಕ್ಕೂ ಅಜ್ಜಿಯ ಮೇಲಿನ ಅದರ ಪ್ರೀತಿಗೂ ಸಂಬಂಧವೇ ಇರಲಿಲ್ಲ. ಆ ಹೊತ್ತಿನಲ್ಲಿ ಎತ್ತಲು ಬಗ್ಗುತ್ತಿದ್ದವರು ಅವರೊಬ್ಬರೇ, ಅಷ್ಟೇ.

ಚಿಕಿತ್ಸೆ ಸರಳವಾಗಿತ್ತು. ಕಿಟಕಿಯ ಕೆಳಗಿನ ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿದರು. ಗೋಡೆಯ ಬಳಿ ಉಳಿದ ಅನ್ನ, ಮೀನುಮುಳ್ಳು ಇಡುವುದು ನಿಂತಿತು, ಗಂಡುಬೆಕ್ಕಿನ ಬರವು ಕಡಿಮೆಯಾಯಿತು. ಕೆರಳಿದಾಗ ಎತ್ತಬಾರದು, ಮಾತಾಡಿಸಬಾರದು. ದೀಪ ಆರಿಸಿ ಕೋಣೆಯ ಬಾಗಿಲು ಹಾಕಿ ಅದರಷ್ಟಕ್ಕೆ ಬಿಡಬೇಕು ಎಂಬ ನಿಯಮವನ್ನು ಅಜ್ಜಿಯೇ ಮನೆಗೆಲ್ಲ ಹೇಳಿಕೊಟ್ಟರು. ಬೆಕ್ಕು ಅದೇ ಮನೆಯಲ್ಲಿ ಉಳಿಯಿತು.

ಆದ್ದರಿಂದ ಕಚ್ಚುವ ಬೆಕ್ಕನ್ನು ಕರೆತಂದವರಿಗೆ ನಾನು ಮೊದಲು ಹೇಳುವುದು ಒಂದು ನೋಟ್‌ಬುಕ್ ಇಡಿ ಎಂದು. ಎಷ್ಟು ಹೊತ್ತಿಗೆ, ಎಲ್ಲಿ, ಯಾರನ್ನು, ಅದಕ್ಕೂ ಒಂದು ನಿಮಿಷ ಮುಂಚೆ ಏನು ನಡೆಯಿತು, ಕಚ್ಚಿದ ಮೇಲೆ ನೀವೇನು ಮಾಡಿದಿರಿ. ನಾಲ್ಕೈದು ಸಲ ಬರೆಯುವಷ್ಟರಲ್ಲಿ ಕಾರಣ ಎದ್ದು ಕಾಣತೊಡಗುತ್ತದೆ.

ಬೆರಳು ಆಟಿಕೆಯಲ್ಲ

ಕಚ್ಚುವ ಸಂದರ್ಭಗಳಲ್ಲಿ ಇನ್ನೊಂದು ದೊಡ್ಡ ಗುಂಪು ಆಟದ ಕಡಿತದ್ದು. ನಮ್ಮಲ್ಲಿ ಮರಿ ಕಣ್ಣುಬಿಟ್ಟು ಓಡಾಡತೊಡಗಿದರೆ ಸಾಕು, ತಾಯಿಯಿಂದ ಬಿಡಿಸಿ ಕೇಳಿದವರಿಗೆ ಕೊಟ್ಟುಬಿಡುತ್ತೇವೆ. ಎಷ್ಟು ಜೋರಾಗಿ ಕಚ್ಚಿದರೆ ಆಟ ಮುರಿಯುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಹೊರಳಾಡುತ್ತಲೇ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 5,700ಕ್ಕೂ ಹೆಚ್ಚು ಬೆಕ್ಕುಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರಕ್ಕೂ ಮುಂಚೆ ತಾಯಿಯಿಂದ ಬೇರೆಯಾದ ಮರಿಗಳಲ್ಲಿ ಆಕ್ರಮಣಶೀಲತೆ ಹೆಚ್ಚು ಕಂಡಿತು. ಮನುಷ್ಯರ ಸ್ಪರ್ಶ ಒಗ್ಗುವ ಕಾಲವೂ ಚಿಕ್ಕದೇ. ಅದು ಎರಡರಿಂದ ಏಳನೇ ವಾರ ಎಂದು ಅಮೆರಿಕದ ಐಲೀನ್ ಕಾರ್ಶ್ 1980ರ ದಶಕದಲ್ಲಿ ತೋರಿಸಿದರು. ಹಾಗಾಗಿ ಮರಿ ತಾಯಿಯ ಜೊತೆಯಲ್ಲಿರುವಾಗಲೇ ಮನೆಯವರು ದಿನವೂ ಮೆಲ್ಲಗೆ ಎತ್ತಿ ಮುಟ್ಟುತ್ತಿರಬೇಕು, ಕೊಡುವುದನ್ನು ಮೂರು ತಿಂಗಳವರೆಗೆ ತಡೆದರೆ ಒಳ್ಳೆಯದು.

ಆಮೇಲೆ ನಾವು ಮಾಡುವ ಕೆಲಸ ನೋಡಿ. ಮರಿಯ ಮುಂದೆ ಬೆರಳು ಕುಣಿಸುತ್ತೇವೆ, ಅದು ಹಾಲುಹಲ್ಲಲ್ಲಿ ಹಿಡಿದರೆ ನಗುತ್ತೇವೆ, ವಿಡಿಯೊ ಮಾಡುತ್ತೇವೆ. ಎಂಟು ತಿಂಗಳಾದ ಮೇಲೆ ಅದೇ ಬೆರಳನ್ನು ಅದೇ ಆಟವೆಂದು ಹಿಡಿದರೆ ಬೈಯುತ್ತೇವೆ. ಆಟ ಬದಲಾಗಿಲ್ಲ, ಹಲ್ಲು ಬದಲಾಗಿದೆ. ಮೊದಲ ದಿನದಿಂದಲೇ ಕೈಗೂ ಬಾಯಿಗೂ ನಡುವೆ ಒಂದು ವಸ್ತುವಿರಬೇಕು. ದುಬಾರಿ ಆಟಿಕೆ ಬೇಡ. ಉದ್ದನೆಯ ಕೋಲಿನ ತುದಿಗೆ ದಾರ, ದಾರಕ್ಕೊಂದು ಬಟ್ಟೆಯ ಚೂರು ಸಾಕು. ನೆಲದ ಮೇಲೆ ಎಳೆಯಿರಿ, ಮಂಚದಡಿ ಮರೆಮಾಡಿ, ಕೊನೆಗೆ ಹಿಡಿಯಲು ಬಿಡಿ, ಆಮೇಲೆ ಊಟ ಹಾಕಿ. ದಾರ ನುಂಗಿದರೆ ಕರುಳಿಗೆ ಕುತ್ತು, ಆದ್ದರಿಂದ ಆಟ ಮುಗಿದೊಡನೆ ಎತ್ತಿಡಿ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲಿ ದಿನಕ್ಕೆ 5ರಿಂದ 10 ನಿಮಿಷ ಆಡಿಸಿದ ಬೆಕ್ಕುಗಳು ಮನೆಗೆ ಹಿಡಿದು ತರುವ ಬೇಟೆ 25%ರಷ್ಟು ಇಳಿಯಿತು. ಹೊರಗಿನ ಹಕ್ಕಿ, ಇಲಿಯ ಮೇಲಿನ ಹಂಬಲವನ್ನೇ ಇಷ್ಟು ಇಳಿಸುವ ಆಟ, ನಮ್ಮ ಕಾಲ್ಬೆರಳ ಮೇಲಿನದನ್ನೂ ಇಳಿಸುತ್ತದೆ ಎಂಬುದು ನನ್ನ ಅನುಭವ.

ನೋವು ಮಾತಾಡುವ ರೀತಿ

ಈವರೆಗೆ ಸಾಧುವಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ, ಬೇರೆ ರುಜುವಾತು ಸಿಗುವವರೆಗೆ ಅದಕ್ಕೆ ಎಲ್ಲೋ ನೋವಿದೆ ಎಂದೇ ತಿಳಿಯಿರಿ. ಒಸಡಿನ ಕಾಯಿಲೆ, ಕಿವಿಯ ಸೋಂಕು, ಜಗಳದಲ್ಲಿ ಆದ ಗಾಯ ಒಳಗೊಳಗೇ ಕೀವಾದದ್ದು, ವಯಸ್ಸಾದ ಬೆಕ್ಕಿನ ಕೀಲುನೋವು ಇವೆಲ್ಲ ಸಾಮಾನ್ಯ. ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ 2002ರ ಅಧ್ಯಯನವೊಂದು 90 ಬೆಕ್ಕುಗಳಲ್ಲಿ ಕೀಲು ಸವೆತ ಗುರುತಿಸಿತು. ಇಂಥ ಬೆಕ್ಕು ಸಾಮಾನ್ಯವಾಗಿ ಕುಂಟುವುದಿಲ್ಲ, ನರಳುವುದಿಲ್ಲ. ಸೊಂಟ ಸವರಿದಾಗ ಕಚ್ಚುತ್ತದೆ. ಗುರುಗುಟ್ಟುತ್ತಿದೆ, ಹಾಗಾಗಿ ಸುಖವಾಗಿದೆ ಎಂದೂ ಹೇಳಲಾಗದು. ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ನೋವಿರಬಹುದೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ. ಮನುಷ್ಯರಿಗೆ ಒಗ್ಗುವ ಆ ಔಷಧಿ ಬೆಕ್ಕಿಗೆ ವಿಷ, ಪ್ರಾಣವೇ ಹೋಗಬಹುದು. ಇನ್ನೊಂದು, ಬರೀ ಹಾಲು ಅನ್ನದಲ್ಲಿ ಬೆಳೆದ ಬೆಕ್ಕಿನ ಕಣ್ಣು ಪರೀಕ್ಷಿಸಿ. ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶ ದೀರ್ಘಕಾಲ ಸಿಗದಿದ್ದರೆ ಬೆಕ್ಕಿನ ಅಕ್ಷಿಪಟ ಹಾಳಾಗುತ್ತದೆ, ಹೃದಯ ದುರ್ಬಲವಾಗುತ್ತದೆ. ಕಣ್ಣು ಮಂದವಾದ ಬೆಕ್ಕು ತಟ್ಟನೆ ಮೈಮುಟ್ಟಿದವರನ್ನು ಬೆಚ್ಚಿ ಕಚ್ಚುವುದುಂಟು. ಸಸ್ಯಾಹಾರಿ ಮನೆಯವರು ಟಾರಿನ್ ಸೇರಿಸಿದ ಬೆಕ್ಕಿನ ಆಹಾರವನ್ನಾದರೂ ತಂದು ಹಾಕಬೇಕು.

ಕೈಯ ನಡತೆ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಲಂಡನ್ನಿನ ಬೆಕ್ಕಿನ ಆಶ್ರಯಧಾಮವೊಂದರಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಜನರಿಗೆ ಕೆಲವೇ ನಿಮಿಷದ ತರಬೇತಿ. ಹತ್ತಿರ ಬರಬೇಕೋ ಬೇಡವೋ ಎಂಬುದನ್ನು ಬೆಕ್ಕೇ ನಿರ್ಧರಿಸಲಿ, ಅದರ ಮೈಯ ಸೂಚನೆ ಗಮನಿಸಿ, ಕೆನ್ನೆ, ಗಲ್ಲ, ಕಿವಿಯ ಬುಡ ಮಾತ್ರ ಮುಟ್ಟಿ. ಇಷ್ಟನ್ನು ಪಾಲಿಸಿದಾಗ ಅದೇ ಬೆಕ್ಕುಗಳು ಕಡಿಮೆ ಕೆರಳಿದವು, ಹೆಚ್ಚು ಸ್ನೇಹ ತೋರಿದವು. ತರಬೇತಿ ಪಡೆದವರು ಮನುಷ್ಯರು, ಸುಧಾರಿಸಿದ್ದು ಬೆಕ್ಕು.

ಮನೆಯಲ್ಲಿ ಇದನ್ನು ಹೀಗೆ ಮಾಡಿ. ಒಂದು ಬೆರಳನ್ನು ಬೆಕ್ಕಿನ ಮೂಗಿನ ಮಟ್ಟಕ್ಕೆ ಹಿಡಿಯಿರಿ. ಅದು ಬಂದು ಕೆನ್ನೆ ಉಜ್ಜಿದರೆ ಮೂರು ಸೆಕೆಂಡು ಸವರಿ ನಿಲ್ಲಿಸಿ. ಮತ್ತೆ ಉಜ್ಜಿದರೆ ಮತ್ತೆ ಸವರಿ, ಸುಮ್ಮನಿದ್ದರೆ ಮುಗಿಯಿತು. ಹೊಟ್ಟೆ ಮತ್ತು ಬಾಲದ ಬುಡಕ್ಕೆ ಕೈ ಬೇಡ. ಮಲಗಿದ್ದನ್ನು, ತಿನ್ನುತ್ತಿರುವುದನ್ನು, ಮರಿ ಹಾಕಿದ್ದನ್ನು ಎತ್ತಬೇಡಿ. ಪುಟ್ಟ ಮಕ್ಕಳನ್ನು ಬೆಕ್ಕಿನೊಡನೆ ಒಂಟಿಯಾಗಿ ಬಿಡಬೇಡಿ. ಬೆಕ್ಕಿಗೆ ಏರಿ ಕೂರಲು ಒಂದು ಎತ್ತರದ ಹಲಗೆ ಕೊಡಿ, ಅಲ್ಲಿ ಕುಳಿತದ್ದನ್ನು ಯಾರೂ ಮುಟ್ಟುವಂತಿಲ್ಲ ಎಂದು ಮನೆಮಂದಿಗೆಲ್ಲ ಹೇಳಿ.

ಕಚ್ಚಿ ಹಿಡಿದಾಗ ಕೈ ಎಳೆದುಕೊಂಡರೆ ಚರ್ಮ ಹರಿಯುತ್ತದೆ, ಬೇಟೆಯ ಬುದ್ಧಿಯೂ ಕೆರಳುತ್ತದೆ. ಕೈ ಸಡಿಲಬಿಟ್ಟು ಅಲ್ಲಾಡದೆ ನಿಲ್ಲಿ. ಬಿಟ್ಟೊಡನೆ ಮಾತಿಲ್ಲದೆ ಎದ್ದುಹೋಗಿ. ಪೊರಕೆ ತೋರಿಸುವುದು, ಮೂತಿಗೆ ಹೊಡೆಯುವುದು, ನೀರು ಎರಚುವುದು ಇವುಗಳಿಂದ ಬೆಕ್ಕು ಕಲಿಯುವುದು ಒಂದೇ: ಈ ಮನುಷ್ಯ ಹತ್ತಿರ ಬಂದರೆ ಅಪಾಯ. ತೆನಾಲಿಯ ಬೆಕ್ಕಿಗೆ ಹಾಲು ಏನಾಯಿತೋ ಈ ಬೆಕ್ಕಿಗೆ ನೀವು ಅದೇ ಆಗುತ್ತೀರಿ.

ಕೊನೆಯ ಉಪಾಯವೆಂದು ನಮ್ಮೂರುಗಳಲ್ಲಿ ನಡೆದುಬಂದಿರುವುದು ಗೋಣಿಚೀಲ. ಕಟ್ಟಿ ಒಯ್ದು ಸಂತೆಯ ಬಳಿಯೋ ಹೊಳೆಯಾಚೆಯೋ ಬಿಟ್ಟು ಬರುವುದು. ಗುರುತಿಲ್ಲದ ಜಾಗದಲ್ಲಿ ಸಾಕಿದ ಬೆಕ್ಕು ಹಸಿದು ಸಾಯುತ್ತದೆ, ಇಲ್ಲವೇ ನಾಯಿಗಳ ಬಾಯಿಗೆ ಬೀಳುತ್ತದೆ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ದೂಡಿ ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಕಾರಣ ಹುಡುಕಿ, ಚಿಕಿತ್ಸೆ ಕೊಡಿಸಿ, ರೂಢಿ ತಿದ್ದಿಕೊಂಡ ಮೇಲೂ ಹಸುಗೂಸೋ ಹಾಸಿಗೆ ಹಿಡಿದವರೋ ಇರುವ ಮನೆಗೆ ಕೆಲವು ಬೆಕ್ಕುಗಳು ಒಗ್ಗದೆ ಇರಬಹುದು. ಆಗ ಕಚ್ಚಿದ ಇತಿಹಾಸವನ್ನು ಮುಚ್ಚಿಡದೆ ಹೇಳಿ, ತಿಳಿದವರೊಬ್ಬರ ಮನೆಗೆ ಒಪ್ಪಿಸುವುದೇ ಸರಿ. ಅದರಲ್ಲಿ ಸೋಲೇನೂ ಇಲ್ಲ.

ಒಂದು ಕೋರಿಕೆಯೊಂದಿಗೆ ಮುಗಿಸುತ್ತೇನೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಲೂಯಿ ಪಾಶ್ಚರ್ ತೀರಿಕೊಂಡ ದಿನ. ಆ ಹೊತ್ತಿಗೆ ಹಲವು ಊರುಗಳಲ್ಲಿ ಲಸಿಕೆ ಶಿಬಿರ ನಡೆಯುತ್ತದೆ. ಸಾಲಿನಲ್ಲಿ ನಾಯಿಗಳೇ ತುಂಬಿರುತ್ತವೆ. ಮೂರು ತಿಂಗಳು ದಾಟಿದ ಬೆಕ್ಕಿಗೂ ಅದೇ ಲಸಿಕೆ ಬೇಕು, ವರ್ಷ ವರ್ಷವೂ ಬೇಕು. ಮುಂದಿನ ಶಿಬಿರಕ್ಕೆ ಬೆಕ್ಕನ್ನು ಮುಚ್ಚಳವಿರುವ ಬುಟ್ಟಿಯಲ್ಲಿಟ್ಟು, ಮೇಲೊಂದು ಬಟ್ಟೆ ಹೊದಿಸಿ ಕರೆತನ್ನಿ. ನಿಮ್ಮ ನೋಟ್‌ಬುಕ್ಕನ್ನೂ ಜೊತೆಗೆ ತನ್ನಿ, ಅಲ್ಲಿಯ ಪಶುವೈದ್ಯರಿಗೆ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತಾಗುತ್ತದೆ.